ಕೈಯಲ್ಲಿ ಹಿಡಿದು

ನೆಲಮಾಳಿಗೆಯಲ್ಲಿ ನನ್ನ ಕೆಲಸ.
ಔಲು ಪಟ್ಟಣದ ದೊಡ್ಡಾಸ್ಪತ್ರೆ, ಜನವರಿ,
ಸೂರ್ಯ ಹತ್ತೂವರೆಗೆ ಬಂದು
ಎರಡೂವರೆಗೆ ರುಜು ಹಾಕಿ ಹೋಗುವ ತಿಂಗಳು.
ರೋಗಿಗಳ ಮುಖ ನನಗೆ ಗೊತ್ತಿಲ್ಲ.
ಗೊತ್ತಿರುವುದು ಗೀಟುಗೀಟಿನ ಚೀಟಿ, ರಬ್ಬರ್ ಬಿರಡೆ,
ಬೆರಳುದ್ದದ ಗಾಜಿನಲ್ಲಿ ಒಂದು ಗುಟುಕು ರಕ್ತ.
ಗೋಡೆಯೊಳಗಿನ ಗಾಳಿಕೊಳವೆಯಲ್ಲಿ ದಡಬಡಿಸಿ
ಮೇಲಿಂದ ಬಂದು ಬುಟ್ಟಿಗೆ ಬೀಳುತ್ತವೆ
ಶಾಲೆಗೆ ತಡವಾದ ಮಕ್ಕಳ ಹಾಗೆ.

ಈ ಸಲದ್ದು ಐವತ್ತೊಂಬತ್ತರ ಗಂಡಸು.
ಹೈಲುವೊತೊ ದ್ವೀಪದಾಚೆ ಹೆಪ್ಪುಗಟ್ಟಿದ ಕಡಲ ಮೇಲೆ
ತೂತು ಕೊರೆದು ಮೀನಿಗೆ ಕಾಯುತ್ತಿದ್ದವನು
ಕೂತಲ್ಲೇ ವಾಲಿದ.
ಜೊತೆಗಿದ್ದವಳು ಅತ್ತಿಗೆ, ಶಾಲೆಯ ಅಡುಗೆಯವಳು,
ಹಿಟ್ಟು ನಾದಿ ನಾದಿ ಗಟ್ಟಿಯಾದ ತೋಳು.
ಇಪ್ಪತ್ತಾರು ನಿಮಿಷ ಎದೆ ಒತ್ತಿದಳಂತೆ,
ಕೆಳಗೆ ಒಂದು ಮೊಳ ಮಂಜುಗಡ್ಡೆ, ಅದರ ಕೆಳಗೆ ನೀರು,
ಮೂವತ್ತರವರೆಗೆ ಎಣಿಸಿ, ಉಸಿರು ಕೊಟ್ಟು, ಮತ್ತೆ ಒಂದರಿಂದ,
ಹೆಲಿಕಾಪ್ಟರಿನ ಸದ್ದು ಕೇಳುವವರೆಗೆ.
ಪಕ್ಕೆಲುಬು ಲಟಕ್ಕೆಂದಿತಂತೆ. ನಿಲ್ಲಿಸಲಿಲ್ಲ.

ಹೃದಯ ಹಿಂದಿರುಗಿತು.
ಮಿದುಳು ಏನೂ ಹೇಳಿಕಳಿಸಲಿಲ್ಲ.

ಆಮೇಲೆ ಎಲ್ಲ ನಮ್ಮ ಪಾಲಿಗೆ ಬಂತು.
ಲ್ಯಾಕ್ಟೇಟ್ ಮೊದಲು ಹನ್ನೊಂದು, ನಡುರಾತ್ರಿ ಐದು, ಬೆಳಗಿಗೆ ಎರಡು:
ಉಸಿರು ಸಿಗದ ಮೈಯ ಹುಳಿ ಇಳಿಯುತ್ತ ಬಂತು.
ಟ್ರೋಪೋನಿನ್ ಏರಿ, ನಿಂತು, ಇಳಿಯಿತು;
ಹೃದಯ ತನ್ನ ನಷ್ಟವನ್ನು ತಾನೇ ಬರೆದುಕೊಟ್ಟಿತು.
ಇನ್ನೊಂದಿದೆ, ಎನೊಲೇಸ್,
ನರಕೋಶ ಒಡೆದರೆ ರಕ್ತಕ್ಕೆ ಸೋರುವಂಥದ್ದು.
ಮೂರನೆಯ ದಿನ ಅಳೆಯುತ್ತೇವೆ.
ಅರವತ್ತು ದಾಟಿದರೆ
ಮೇಲಿನ ಮಹಡಿಯ ವೈದ್ಯರು ದನಿ ತಗ್ಗಿಸುತ್ತಾರೆ.

ಮೂರನೆಯ ದಿನ. ತೊಂಬತ್ತನಾಲ್ಕು.

ಸ್ವಲ್ಪ ಹೊತ್ತು ಪರದೆ ನೋಡಿದೆ.
ಆಮೇಲೆ ಗಾಜನ್ನು ದೀಪಕ್ಕೆ ಹಿಡಿದೆ.
ತಿಳಿಹಳದಿ ಇರಬೇಕಾದದ್ದು
ಲಿಂಗನ್‌ಬೆರಿ ರಸದ ಹಾಗೆ ನಸುಗೆಂಪು.
ಎಲ್ಲೋ ಕೆಂಪುಕಣ ಒಡೆದಿವೆ,
ಸೂಜಿಯಲ್ಲೋ, ಗಾಳಿಕೊಳವೆಯ ತಿರುವಿನಲ್ಲೋ.
ಅವುಗಳ ಹೊಟ್ಟೆಯಲ್ಲೂ ಇದೇ ಸರಕು.
ಒಡೆದದ್ದು ನೆನಪೋ, ಬರೀ ರಕ್ತವೋ,
ಸಂಖ್ಯೆಗೆ ಎರಡೂ ಒಂದೇ.

ಫೋನ್ ಮಾಡಿದೆ: ಇದು ಲೆಕ್ಕಕ್ಕಿಲ್ಲ, ಮತ್ತೆ ತೆಗೆಯಿರಿ.
ಕೊಳವೆಗೆ ಹಾಕಬೇಡಿ, ನಾನೇ ಬರುತ್ತೇನೆ.

ಹದಿನೇಳು ವರ್ಷದಲ್ಲಿ ಎರಡನೇ ಸಲ ಆ ಮಹಡಿಗೆ.
ಚೀಟಿಗೊಂದು ಮೂಗಿತ್ತು, ಚಳಿ ಕಚ್ಚಿ ಸಿಪ್ಪೆಯೆದ್ದ ಮೂಗು.
ಎಸ್ಕೊ ಪಿರ್ತಿಮಾ ಎಂಬ ಹೆಸರಿತ್ತು.
ಪಕ್ಕದ ಕುರ್ಚಿಯಲ್ಲಿ ಹಿಲ್ಕ, ಉಣ್ಣೆಟೋಪಿ ಇನ್ನೂ ತಲೆಯ ಮೇಲೆ,
ಊದಿದ ಎರಡು ಅಂಗೈಗಳನ್ನು
ಮಡಿಲಲ್ಲಿ ಮಲಗಿಸಿಕೊಂಡು.
“ಸಂಖ್ಯೆ ಬಂತಾ?”
“ಇನ್ನೂ ಇಲ್ಲ” ಅಂದೆ.
ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಜೀವ ಕೈಯಲ್ಲಿ ಹಿಡಿದು ನಡೆಯುವುದು ಅನ್ನುತ್ತಾರಲ್ಲ,
ನಡೆದೆ. ಲಿಫ್ಟ್ ಬಿಟ್ಟು ಮೆಟ್ಟಿಲಲ್ಲಿ, ಅಲುಗದಂತೆ,
ಕಸ ಗುಡಿಸುವವನು ಪೊರಕೆ ಹಿಡಿದು ಪಕ್ಕಕ್ಕೆ ಸರಿದ.

ಮೂವತ್ತೆಂಟು.

ಹೌದೆನ್ನುವ ಸಂಖ್ಯೆಯಲ್ಲ ಅದು.
ಇಲ್ಲವೆನ್ನುವುದಿಲ್ಲ, ಅಷ್ಟೇ.
ಬಾಗಿಲು ಮುಚ್ಚಿದೆ, ಅಗುಳಿ ಹಾಕಿಲ್ಲ.

ಆರನೆಯ ದಿನ ಕಣ್ಣು ತೆರೆದನೆಂದು ಕೇಳಿದೆ.
ಏಪ್ರಿಲ್‌ನಲ್ಲಿ ತಾನೇ ನಡೆದು ಬಂದ, ರಕ್ತ ಕೊಡಲು.
ಆ ವಾರ ನಾನು ಹೊರರೋಗಿಗಳ ಮೇಜಿನಲ್ಲಿದ್ದೆ.
ಮಂಜು ಕೊರೆಯುವುದನ್ನು ಗಾಳಿಯಲ್ಲಿ ತಿರುವಿ ತೋರಿಸಿದ,
ಹೆಸರು ಸಿಗದೆ ನಕ್ಕ:
“ಅದು... ತಿರುಗುತ್ತದಲ್ಲ, ಅದು.”
ಅವನು ತೋಳು ಮಡಚುವಾಗ ಹಿಲ್ಕ ಮೆಲ್ಲಗೆ ಅಂದಳು,
“ಅವನ ಅಣ್ಣ ಸತ್ತು ನಾಲ್ಕು ವರ್ಷ. ಅದು ಅಳಿಸಿಹೋಗಿದೆ.
ದಿನಾ ಕೇಳುತ್ತಾನೆ. ದಿನಾ ನಾನೇ ಹೇಳಬೇಕು.
ಕೆಲವು ದಿನ ಹೇಳುವುದಿಲ್ಲ,
ಮೀನಿಗೆ ಹೋಗಿದ್ದಾನೆ ಅಂದುಬಿಡುತ್ತೇನೆ.
ಆ ದಿನ ನನಗೂ ಊಟ ಸೇರುತ್ತದೆ.”

ಇದನ್ನು ಅಳೆಯುವ ಗಾಜು ನಮ್ಮ ಕಪಾಟಿನಲ್ಲಿಲ್ಲ.
ಪಟ್ಟಿ ಬಿಗಿದು ಮುಷ್ಟಿ ಕಟ್ಟಲು ಹೇಳಿದೆ.
ಕಟ್ಟಿದ.
ನಾಳ ಒಂದೇ ಸಲಕ್ಕೆ ಸಿಕ್ಕಿತು.